ಎಂಟನೆಯ ಸುತ್ತು

ಪುಟ್ಟ ಹೇಡಿ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಕೆಲವರು ಅವನನ್ನು ಸಾಧು ಎನ್ನುತ್ತಿದ್ದರು, ಕೆಲವರು ತಾಳ್ಮೆಯವನು ಎನ್ನುತ್ತಿದ್ದರು. ಸಾಧುವಿಗೆ ಕೋಪ ಬರುವುದಿಲ್ಲ. ತಾಳ್ಮೆಯವನು ಬಂದ ಕೋಪವನ್ನು ನುಂಗಿಕೊಳ್ಳುತ್ತಾನೆ. ಪುಟ್ಟನಲ್ಲಿ ಕೋಪ ಕಾಲಿಡುವ ಮೊದಲೇ ಹೆದರಿಕೆ ಬಂದು ಜಾಗ ಹಿಡಿದು ಕೂತಿರುತ್ತಿತ್ತು. ಐವತ್ತೆರಡು ವರ್ಷವಾದರೂ ಎಲ್ಲರೂ ಅವನನ್ನು ಪುಟ್ಟ ಎಂದೇ ಕರೆಯುತ್ತಿದ್ದುದು ಪ್ರೀತಿಗಲ್ಲ. ಬೇರೆ ಏನಾದರೂ ಕರೆಯಬೇಕು ಎಂದು ಅನ್ನಿಸುವಂಥ ಕೆಲಸವನ್ನು ಅವನು ಈವರೆಗೆ ಮಾಡಿರಲಿಲ್ಲ, ಅಷ್ಟೇ.

ಅವನು ಧ್ವನಿಮುದ್ರಣದ ಕೆಲಸದವನು. ಅಣ್ಣನ ಮನೆಯ ಕೆಳಗೆ, ಕಾರು ನಿಲ್ಲಿಸುವ ಜಾಗಕ್ಕೆ ಗೋಡೆ ಎಬ್ಬಿಸಿ ಮಾಡಿದ ಕೋಣೆಯೇ ಅವನ ಸ್ಟುಡಿಯೊ. ಕಿಟಕಿ ಇಲ್ಲ. ನಾಲ್ಕು ಗೋಡೆಗೂ ಬೂದು ಬಣ್ಣದ ಸ್ಪಂಜು ಹೊಡೆದಿತ್ತು. ಒಳಗೆ ಕೆಮ್ಮಿದರೆ ಕೆಮ್ಮು ಬಾಯಿಯ ಮುಂದೆಯೇ ಸತ್ತುಬೀಳುತ್ತಿತ್ತು. ಒಂದೇ ಬಾಗಿಲು. ಬಾಗಿಲಿನ ಪಕ್ಕಕ್ಕೆ ಸೋಫಾ, ಸೋಫಾದ ಮೇಲೆ ಅಣ್ಣ, ಅಣ್ಣನ ಕಾಲು ಬಾಗಿಲಿಗೆ ಅಡ್ಡ. ಹೊರಗೆ ಹೋಗಬೇಕಾದವರು "ಅಣ್ಣಾ, ಸ್ವಲ್ಪ ಕಾಲು" ಎನ್ನಬೇಕು. ಅಷ್ಟು ಹೇಳುವುದನ್ನು ತಪ್ಪಿಸಿಕೊಳ್ಳಲು ಪುಟ್ಟ ಬೆಳಿಗ್ಗೆಯಿಂದಲೇ ನೀರು ಕಡಿಮೆ ಕುಡಿಯುತ್ತಿದ್ದ. ಎರಡು ತಿಂಗಳ ಮಟ್ಟಿಗೆ ಎಂದು ಇಪ್ಪತ್ತೆರಡರ ವಯಸ್ಸಿನಲ್ಲಿ ಬಂದವನು ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದ ಕೋಣೆಯಲ್ಲಿ ಮೂವತ್ತು ವರ್ಷ ಮಲಗಿ ಎದ್ದಿದ್ದ.

ಅಣ್ಣ ಗಿಟಾರ್ ನುಡಿಸುತ್ತಿದ್ದ. ಅವನದೊಂದು ತಂಡ: ಗಿಟಾರ್ ಅಣ್ಣನದು, ಕೀಬೋರ್ಡ್ ಅತ್ತಿಗೆಯದು, ಜೊತೆಗೆ ಡ್ರಮ್ಸಿನವನೊಬ್ಬ, ಬಾಸ್ ಗಿಟಾರಿನವನೊಬ್ಬ. ಅವರು ನುಡಿಸುತ್ತಿದ್ದುದು ಪ್ರೋಗ್ರೆಸಿವ್ ರಾಕ್. ಮೂರು ನಿಮಿಷಕ್ಕೆ ಮುಗಿದು ಹೋಗುವ ಹಾಡುಗಳನ್ನು ಅಣ್ಣ ಬಿಸ್ಕತ್ತು ಎಂದು ಹಂಗಿಸುತ್ತಿದ್ದ. ಅವರ ದೊಡ್ಡ ಹಾಡು ಇಪ್ಪತ್ತೆರಡು ನಿಮಿಷದ್ದು. "ಹಾಡು ಶುರುವಾದಾಗ ಒಲೆ ಮೇಲೆ ನೀರಿಟ್ಟು ಬಂದ್ರೆ, ಮುಗಿಯೋ ಹೊತ್ತಿಗೆ ಪಾತ್ರೆ ಬದಲಾಯಿಸ್ಬೇಕು" ಎಂದು ಡ್ರಮ್ಸಿನವನು ನಗುತ್ತಿದ್ದ. ಅದರಲ್ಲಿ ತಾಳ ನಾಲ್ಕರಿಂದ ಐದಕ್ಕೆ, ಐದರಿಂದ ಏಳಕ್ಕೆ ಹಾರುತ್ತದೆ. ಎಣಿಕೆ ಬಲ್ಲವರು ಬೇಕು. ಅತ್ತಿಗೆ ಬಲ್ಲವಳು. ವಾರದ ದಿನಗಳಲ್ಲಿ ಅವಳು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು.

ಪುಟ್ಟನ ಮುಂದಿದ್ದ ಮಿಕ್ಸಿಂಗ್ ಮೇಜು ಹಳೆಯದು. ಇಪ್ಪತ್ತನಾಲ್ಕು ಫೇಡರುಗಳು, ಎಂದರೆ ಮೇಲೆ ಕೆಳಗೆ ಜಾರುವ ಗುಂಡಿಗಳು; ಒಂದೊಂದರ ಕೆಳಗೂ ಅಂಟುಪಟ್ಟಿಯ ಮೇಲೆ ಆಯಾ ವಾದ್ಯದ ಹೆಸರು. ಈಗಿನ ಯಂತ್ರಗಳ ಹಾಗೆ ಕೈ ಮಾಡಿದ್ದನ್ನು ನೆನಪಿಟ್ಟುಕೊಂಡು ತಾನೇ ಮಾಡುವ ಬುದ್ಧಿ ಅದಕ್ಕಿಲ್ಲ. ಪ್ರತಿ ಸಲವೂ ಹಾಡಿನ ಉದ್ದಕ್ಕೂ ಬೆರಳಾಡಿಸಬೇಕು. ಒಂಬತ್ತನೆಯದು ಅಣ್ಣನ ಗಿಟಾರು. ಅಣ್ಣ ಹಿಂದೆ ಕೂತು ತೋರುಬೆರಳು ಎತ್ತುತ್ತಿದ್ದ. ಎತ್ತಿದನೆಂದರೆ ಒಂಬತ್ತನೆಯದು ಮೇಲೆ ಹೋಗಬೇಕು. ಇಳಿಸು ಎಂಬ ಸನ್ನೆಯೇ ಅವನ ಬಳಿ ಇರಲಿಲ್ಲ.

ಆದರೂ ಪುಟ್ಟ ಇಳಿಸುತ್ತಿದ್ದ. ಬಂದ ಹೊಸದರಲ್ಲಿ ಒಮ್ಮೆ ಅಣ್ಣ ತಾನು ಎಡವಿದ್ದನ್ನು ಸ್ಪೀಕರಿನಲ್ಲಿ ಕೇಳಿ, ಹೆಡ್‌ಫೋನನ್ನು ಗೋಡೆಗೆಸೆದು, ಮೂರು ದಿನ ಯಾರೊಡನೆಯೂ ಮಾತಾಡಿರಲಿಲ್ಲ. ಮುಂದಿನ ಸಲ ಅಂಥ ಜಾಗ ಬಂದಾಗ ಪುಟ್ಟನ ಬೆರಳು ಒಂಬತ್ತನೆಯದನ್ನು ಒಂದು ಕೂದಲಿನಷ್ಟು ಕೆಳಗೆ ಎಳೆದು, ಜಾಗ ದಾಟಿದ ಮೇಲೆ ಮತ್ತೆ ಮೇಲಕ್ಕೆ ತಂದಿತು. ಅಣ್ಣನಿಗೆ ತಿಳಿಯಲಿಲ್ಲ. ಆ ದಿನ ಮನೆಯಲ್ಲಿ ಎಲ್ಲರೂ ನಗುತ್ತ ಊಟ ಮಾಡಿದರು. ಅಷ್ಟು ಸುಲಭದ ಮದ್ದು ಸಿಕ್ಕ ಮೇಲೆ ಬಿಡುವವರುಂಟೆ? ಇಪ್ಪತ್ತೆಂಟು ವರ್ಷ ಅವನು ಅದನ್ನೇ ಮಾಡಿದ. ತನ್ನ ಕೈ ತಪ್ಪುವುದೇ ಇಲ್ಲ ಎಂದು ಅಣ್ಣ ನಂಬಿದ್ದರೆ ಅದರಲ್ಲಿ ಅಣ್ಣನ ಪಾಲು ಅರ್ಧ ಮಾತ್ರ.

ಎಂಟು ತಿಂಗಳ ಹಿಂದೆ ತಂಡ ದೊಡ್ಡ ಸಭಾಂಗಣವೊಂದರಲ್ಲಿ ಜನರ ಮುಂದೆ ನುಡಿಸಿತು. ಅದನ್ನೇ ಲೈವ್ ಆಲ್ಬಮ್ಮಾಗಿ ಹೊರತರುವುದೆಂದು ತೀರ್ಮಾನವಾಗಿತ್ತು. ದೊಡ್ಡ ಹಾಡಿನ ಹದಿನಾಲ್ಕನೆಯ ನಿಮಿಷದಲ್ಲಿ ಏಳು ಏಟಿನ ಒಂದು ಸುತ್ತು ಎಂಟು ಸಲ ಬರಬೇಕು. ಆಮೇಲೆ ನಾಲ್ವರೂ ಒಟ್ಟಿಗೆ ಮುಂದಿನ ಭಾಗಕ್ಕೆ ಹೊರಳಬೇಕು. ಅಣ್ಣ ಏಳು ಸುತ್ತಿಗೇ ಹೊರಳಿಬಿಟ್ಟ. ಸಭಾಂಗಣದ ಹಿಂಬದಿಯಲ್ಲಿ ಮೇಜಿನ ಮುಂದಿದ್ದ ಪುಟ್ಟನ ಬೆರಳು, ಅವನು ಯೋಚಿಸುವ ಮೊದಲೇ, ಒಂಬತ್ತನೆಯದನ್ನು ಇಳಿಸಿತು. ಅದೇ ಗಳಿಗೆಯಲ್ಲಿ ಕೀಬೋರ್ಡಿನ ಸ್ವರಗಳು ಸರಸರನೆ ಮೆಟ್ಟಿಲಿಳಿದು ಓಡಿದವು. ಡ್ರಮ್ಸೂ ಬಾಸೂ ತಡವರಿಸಿ ಅವುಗಳ ಹಿಂದೆ ಹೋದವು. ಎಲ್ಲರೂ ಕೂಡಿಕೊಂಡ ಮೇಲೆ ಗಿಟಾರು ಮತ್ತೆ ಎದ್ದು ಬಂತು. ಕೇಳಿದವರಿಗೆ ಒಂದೇ ಅರ್ಥ: ಅತ್ತಿಗೆ ದಾರಿ ತಪ್ಪಿದಳು.

ಮರುದಿನ, ಪುಟ್ಟನ ಮೇಜಿನಿಂದ ಹೊರಬಂದಿದ್ದ ಮುದ್ರಣವನ್ನು ಕೇಳಿ ಅಣ್ಣ ಹೇಳಿದ, "ನೋಡಿದ್ಯಾ? ಲೆಕ್ಕದ ಟೀಚರಿಗೆ ಏಳರ ಮಗ್ಗಿ ಬರಲ್ಲ."

"ನಾನಲ್ಲ ರೀ. ನೀವು ಒಂದು ಸುತ್ತು ಮೊದ್ಲೇ ಹೋದ್ರಿ. ನಾನು ಎಲ್ರನ್ನೂ ನಿಮ್ಮ ಹತ್ರ ತಂದೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೀನೇ ಕೇಳು."

ಅವಳು ಕೇಳಿದಳು. ಮೂರು ಸಲ ಕೇಳಿದಳು. ಸಾಕ್ಷಿ ಕಂಡ ಮೇಲೆ ಹಟ ಮಾಡಬಾರದು ಎಂದು ಮಕ್ಕಳಿಗೆ ಕಲಿಸುವವಳು, ಸುಮ್ಮನಾದಳು. ಅಂದಿನಿಂದ ಏಳರ ಮಗ್ಗಿ ಆ ಮನೆಯಲ್ಲಿ ಉಪ್ಪಿನ ಹಾಗೆ ಎಲ್ಲದಕ್ಕೂ ಬಿತ್ತು. ಹಾಲು ಉಕ್ಕಿದರೆ ಏಳರ ಮಗ್ಗಿ, ಬೀಗದ ಕೈ ಸಿಗದಿದ್ದರೆ ಏಳರ ಮಗ್ಗಿ. ಅವಳ ಕೀಬೋರ್ಡಿನ ಮೇಲೆ ಹಳೆಯ ಹೊದಿಕೆಯೊಂದು ಬಂದು ಕೂತಿತು.

ಆಲ್ಬಮ್ಮಿನ ಕೆಲಸ ಪುಟ್ಟನ ಕೈಗೆ ಬಂದಾಗ ಅಣ್ಣನ ಅಪ್ಪಣೆ ಸ್ಪಷ್ಟವಾಗಿತ್ತು. ಆ ಭಾಗದಲ್ಲಿ ಅತ್ತಿಗೆಯ ಕೀಬೋರ್ಡನ್ನು ಪೂರ್ತಿ ತೆಗೆಯಬೇಕು. ಹೊಸಬನೊಬ್ಬ ಸೋಮವಾರ ಬಂದು ಅದನ್ನು ಮತ್ತೆ ನುಡಿಸುತ್ತಾನೆ. ಮುಂದೆ ತಂಡದಲ್ಲೂ ಅವನೇ. "ಭಾನುವಾರ ಮೂರು ಗಂಟೆಗೆ ಎಲ್ರೂ ಬರ್ತಾರೆ. ಇದ್ದದ್ದು ಇದ್ದ ಹಾಗೇ ಒಂದ್ಸಲ ಎಲ್ರ ಮುಂದೆ ಹಾಕು. ನಾಳೆ ನಾನು ಅನ್ಯಾಯ ಮಾಡ್ದೆ ಅಂತ ಯಾರೂ ಅನ್ನಬಾರ್ದು."

"ಸರಿ ಅಣ್ಣಾ" ಎಂದ ಪುಟ್ಟ.

ಅಂದು ಕೇಳಿದ್ದ ಮುದ್ರಣವಲ್ಲದೆ, ಸಭಾಂಗಣದಲ್ಲಿ ಪ್ರತಿಯೊಂದು ಮೈಕೂ ಬೇರೆಬೇರೆಯಾಗಿ ಮುದ್ರಣವಾಗಿತ್ತು. ಅವನ ಬೆರಳಿನ ಕೈವಾಡ ಅಲ್ಲಿಗೆ ತಲುಪಿರಲಿಲ್ಲ. ಆ ವಾರವೆಲ್ಲ ಅವನು ಹೆಡ್‌ಫೋನ್ ಹಾಕಿಕೊಂಡು ಒಂದೊಂದನ್ನೇ ಕೇಳಿದ. ಅಣ್ಣ ಹಾಗೆ ಕೇಳುವವನಲ್ಲ. "ಬಿಡಿಬಿಡಿಯಾಗಿ ಕೇಳೋದು ಹೆಣ ಕೊಯ್ಯೋರ ಕೆಲ್ಸ" ಎನ್ನುತ್ತಿದ್ದ. ಜನರ ಕಡೆಗಿದ್ದ ಎರಡು ಮೈಕುಗಳಲ್ಲಿ ಯಾರೋ ಗಂಟಲು ಸರಿಪಡಿಸಿಕೊಂಡರು, ಯಾವುದೋ ಕುರ್ಚಿ ಕಿರುಗುಟ್ಟಿತು. ಜನ ಏಳರ ತಾಳಕ್ಕೆ ಚಪ್ಪಾಳೆ ತಟ್ಟಲು ಹೋಗಿ, ಎಂಟನೆಯ ಏಟಿಗೆ ಕಾದು, ಅದು ಬರದೆ ಪೆಚ್ಚಾಗಿ ನಿಲ್ಲಿಸಿದರು. ಡ್ರಮ್ಸಿನ ಕಂಚಿನ ತಟ್ಟೆಗಳ ಸದ್ದು ಎಲ್ಲ ಮೈಕುಗಳಿಗೂ ಹೊಗೆಯ ಹಾಗೆ ನುಗ್ಗಿತ್ತು.

ಹದಿನಾರನೆಯದು ಅತ್ತಿಗೆ ಹಾಡುವ ಮೈಕು. ಆ ಭಾಗದಲ್ಲಿ ಅವಳಿಗೆ ಹಾಡುವುದೇನೂ ಇರಲಿಲ್ಲ. ಅಂದು ಪುಟ್ಟ ಅದನ್ನು ಮುಚ್ಚಿಟ್ಟಿದ್ದ. ಈಗ ತೆರೆದು ಕೇಳಿದ. ದೂರದ ಗದ್ದಲದ ಮುಂದೆ, ಕಿವಿಯ ಪಕ್ಕದಲ್ಲೇ ಕೂತಂತೆ, ಅವಳ ಪಿಸುದನಿ ಸುತ್ತು ಎಣಿಸುತ್ತಿತ್ತು. ಐದು. ಆರು. ಏಳು. ಗಿಟಾರು ಹೊರಳಿತು. ಒಂದು ಚಿಕ್ಕ ಉಸಿರು. "ಅಯ್ಯೋ, ಹೋದ್ರಲ್ಲಾ." ಅದರ ಬೆನ್ನಿಗೇ ಬೆರಳುಗಳ ಓಟ.

ಪುಟ್ಟ ಹೆಡ್‌ಫೋನ್ ತೆಗೆದಿಟ್ಟ. ಅಣ್ಣ ತಪ್ಪಿದ್ದು ಅವನಿಗೆ ಮೊದಲೇ ಗೊತ್ತಿತ್ತು, ಬೆರಳಿಗೆ ಗೊತ್ತಿತ್ತು. ಆದರೆ ಅತ್ತಿಗೆಯೂ ತಪ್ಪಿದಳು, ಇಬ್ಬರದೂ ಸಮ ಎಂದು ಎಂಟು ತಿಂಗಳು ಸಮಾಧಾನ ಹೇಳಿಕೊಂಡಿದ್ದ. ಆ ಸಮಾಧಾನ ಈಗ ಕೈಬಿಟ್ಟಿತು. ಅವಳು ಬಿದ್ದಿರಲಿಲ್ಲ, ಬೀಳುತ್ತಿದ್ದ ಮೂವರನ್ನು ಎತ್ತಿಕೊಂಡಿದ್ದಳು. ಅವಳೊಬ್ಬಳೇ ಬಿದ್ದಂತೆ ಕಾಣುವ ಹಾಗೆ ಮಾಡಿದ್ದು ಅವನು.

ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವಳು ನೇರವಾಗಿ ಸ್ಟುಡಿಯೊಗೆ ಇಳಿದಳು. ಅಣ್ಣ ಇರಲಿಲ್ಲ. ಸೀಮೆಸುಣ್ಣ ಮೆತ್ತಿದ ಕೈಯನ್ನು ಒರೆಸಿಕೊಳ್ಳುತ್ತ ಸೋಫಾದ ತುದಿಯಲ್ಲಿ ಕೂತಳು.

"ಪುಟ್ಟಾ, ನೀನು ಎಲ್ಲಾ ಕೇಳಿದ್ದೀಯ. ನಾನು ತಪ್ಪಿದ್ನಾ?"

"ಅತ್ತಿಗೆ, ಅದು... ಆ ಹಾಲ್‌ನಲ್ಲಿ ಪ್ರತಿಧ್ವನಿ ಜಾಸ್ತಿ."

"ಪ್ರತಿಧ್ವನಿ ವಿಷಯ ಕೇಳಿಲ್ಲ ನಾನು. ತಪ್ಪಿದ್ರೆ ತಪ್ಪಿದ್ರಿ ಅನ್ನು, ಅಳೋಕೇನೂ ಹೋಗಲ್ಲ. ನಂಗೆ ಇನ್ನೂ ಏಳು ಎಣಿಸಿದಾಗ್ಲೇ ಅವ್ರು ಹೊರಳಿದ ನೆನಪಿದೆ ಕಣೋ. ಟೇಪ್ ಬೇರೆ ಹೇಳುತ್ತೆ. ನಮ್ಮಮ್ಮನಿಗೂ ಮರೆವು ಹೀಗೇ ಶುರುವಾಗಿದ್ದು. ಮಾಡಿದ್ದು ಒಂದು, ನೆನಪು ಇನ್ನೊಂದು. ನಿನ್ನೆ ಬೋರ್ಡ್ ಮೇಲೆ ಒಂದು ಸಣ್ಣ ಕೂಡೋ ಲೆಕ್ಕ ಬರೆದು, ಮೂರ್ ಸಲ ಪರೀಕ್ಷೆ ಮಾಡ್ಕೊಂಡೆ. ಮಕ್ಳು ಮುಖ ಮುಖ ನೋಡ್ಕೊಂಡ್ರು. ತಲೆ ಕೆಟ್ಟಿದ್ರೆ ಕೆಲ್ಸ ಬಿಡ್ತೀನಿ. ಆದ್ರೆ ಗೊತ್ತಾಗ್ಬೇಕು."

ಹೇಳುವುದಾದರೆ ಅದೇ ಗಳಿಗೆ. ಹದಿನಾರನೆಯದು ಅವನ ಕೈಗೆಟಕುವಷ್ಟು ಹತ್ತಿರವಿತ್ತು. ಅದನ್ನು ಮೇಲೆತ್ತಿದರೆ ಒಂದು ಮಾತೂ ಆಡಬೇಕಾಗಿರಲಿಲ್ಲ. ಆದರೆ ಒಂದು ದಾರ ಎಳೆದರೆ ಇಪ್ಪತ್ತೆಂಟು ವರ್ಷದ ಹೊಲಿಗೆಯೆಲ್ಲ ಬಿಚ್ಚಿಕೊಳ್ಳುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಇಬ್ರೂ ಸ್ವಲ್ಪ ಸ್ವಲ್ಪ ಅನ್ಸುತ್ತೆ ಅತ್ತಿಗೆ" ಎಂದ.

ಅವಳು ಅವನನ್ನು ಒಂದು ಕ್ಷಣ ನೋಡಿದಳು, ಅರ್ಧ ಲೆಕ್ಕ ಮಾಡಿ ಉತ್ತರ ಬರೆದಿಟ್ಟ ವಿದ್ಯಾರ್ಥಿಯನ್ನು ನೋಡುವಂತೆ. "ಆಯ್ತು ಬಿಡು" ಎಂದು ಎದ್ದು ಹೋದಳು. ದಪ್ಪ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಭಾನುವಾರ ಮೂರಕ್ಕೆ ಐವರೂ ಆ ಕೋಣೆಯಲ್ಲಿದ್ದರು. ಬಾಸಿನವನು ನೆಲದ ಮೇಲೆ, ಡ್ರಮ್ಸಿನವನು ಒಂದು ಸ್ಪೀಕರಿನ ಪೆಟ್ಟಿಗೆಯ ಮೇಲೆ, ಅತ್ತಿಗೆ ಮೂಲೆಯ ಸ್ಟೂಲಿನ ಮೇಲೆ, ಮಡಿಲಲ್ಲಿ ತಿದ್ದುವ ಉತ್ತರಪತ್ರಿಕೆಗಳ ಕಟ್ಟು. ಅಣ್ಣ ತನ್ನ ಜಾಗದಲ್ಲಿ, ಕಾಲು ಚಾಚಿ.

"ಗಾಳಿ ಏನಾದ್ರೂ ಬರುತ್ತಾ ಗುರೂ ಇಲ್ಲಿ, ಇಲ್ಲಾ ಸರದಿ ಪ್ರಕಾರ ಉಸಿರಾಡ್ಬೇಕಾ?" ಎಂದ ಡ್ರಮ್ಸಿನವನು.

"ಇಪ್ಪತ್ತೆರಡು ನಿಮಿಷ ತಡ್ಕೋ, ಸಾಯಲ್ಲ. ಹಾಕೋ ಪುಟ್ಟಾ. ಏನಮ್ಮಾ, ಮಗ್ಗಿ ನೆನಪು ಮಾಡ್ಕೊಂಡ್ಯಾ?"

ಅತ್ತಿಗೆ ಕೆಂಪು ಪೆನ್ನಿನ ಮುಚ್ಚಳ ತೆಗೆದು ಮೊದಲ ಉತ್ತರಪತ್ರಿಕೆ ಬಿಡಿಸಿದಳು. ಪುಟ್ಟ ಹಾಡು ಶುರುಮಾಡಿದ.

ಅವನು ತನ್ನ ಕೆಲಸದಲ್ಲಿ ಒಳ್ಳೆಯವನೇ. ಜನರ ಗುಜುಗುಜನ್ನು ಮೆಲ್ಲಗೆ ತೆರೆದ, ಬಾಸನ್ನು ಎದೆಯ ಮಟ್ಟಕ್ಕೆ ತಂದು ನಿಲ್ಲಿಸಿದ, ಡ್ರಮ್ಸಿಗೆ ಸಭಾಂಗಣದ ಅಗಲ ಕೊಟ್ಟ. ಆರನೆಯ ನಿಮಿಷದಲ್ಲಿ ಹಿಂದೆ ಬೆರಳು ಎದ್ದದ್ದು ಸ್ಪೀಕರಿನ ಹೊಳಪು ಮೈಯಲ್ಲಿ ಕಂಡಿತು. ಒಂಬತ್ತನೆಯದನ್ನು ಏರಿಸಿದ. ಹತ್ತನೆಯ ನಿಮಿಷದಲ್ಲಿ ಮತ್ತೆ ಬೆರಳು; ಮತ್ತೆ ಏರಿಸಿದ. ಹನ್ನೆರಡರಲ್ಲಿ ಅಣ್ಣ ಸಣ್ಣದೊಂದು ಸ್ವರ ತಪ್ಪಿದ. ಪುಟ್ಟನ ಬೆರಳು ಅದನ್ನು ಮುಚ್ಚಿ ಬಂತು. ಹದಿಮೂರರಲ್ಲಿ ಮೂರನೆಯ ಸಲ ಅಣ್ಣನ ಬೆರಳು ಎದ್ದಿತು. "ಇನ್ನೂ ಮೇಲೆ. ನನ್ ಎಂಟ್ರಿ ಎಲ್ರಿಗೂ ಚೆನ್ನಾಗಿ ಕೇಳ್ಲಿ." ಪುಟ್ಟ ಅದನ್ನೂ ಮಾಡಿದ.

ಏಳರ ಸುತ್ತು ಶುರುವಾಯಿತು. ಒಂದು. ಎರಡು. ಕಾಗದದ ಸರಪರ ನಿಂತದ್ದರಿಂದ ಅತ್ತಿಗೆ ತಿದ್ದುವುದನ್ನು ಬಿಟ್ಟಳೆಂದು ಅವನಿಗೆ ತಿಳಿಯಿತು. ನಾಲ್ಕು. ಬೆರಳು ಒಂಬತ್ತನೆಯದರ ಮೇಲೆ ತಾನಾಗಿ ಹೋಗಿ ಕೂತಿತ್ತು, ಹಟ್ಟಿಗೆ ಮರಳುವ ದನದ ಹಾಗೆ. ಐದು. ಆರು.

ಪುಟ್ಟ ಎರಡೂ ಕೈಗಳನ್ನು ಮೇಜಿನಿಂದ ತೆಗೆದು, ತನ್ನ ತೊಡೆಗಳ ಕೆಳಗೆ ಸೇರಿಸಿ, ಅವುಗಳ ಮೇಲೆ ಕೂತ.

ಏಳು ಮುಗಿಯಿತು. ಅಪ್ಪಣೆಯಂತೆ ಏರಿಸಿಟ್ಟಿದ್ದ ಗಿಟಾರು, ಬಾಸೂ ಡ್ರಮ್ಸೂ ಎಂಟನೆಯ ಸುತ್ತಿಗೆ ಕಾಲಿಡುತ್ತಿದ್ದಂತೆಯೇ, ಒಬ್ಬಂಟಿಯಾಗಿ ಮುಂದಿನ ಭಾಗಕ್ಕೆ ಧಾವಿಸಿತು. ಅಡಗಲು ಅದಕ್ಕೊಂದು ಪೊದೆ ಕೂಡ ಇರಲಿಲ್ಲ. ಅದರ ಬೆನ್ನಹಿಂದೆ ಕೀಬೋರ್ಡು ಓಡಿ ಬಂದು, ಹಿಂದುಳಿದ ಇಬ್ಬರನ್ನೂ ಎಳೆದು ತಂದು, ಗಿಟಾರಿನ ಪಕ್ಕಕ್ಕೆ ನಿಲ್ಲಿಸಿತು.

ಹಾಡು ತನ್ನ ಪಾಡಿಗೆ ಹೋಗುತ್ತಿತ್ತು.

"ನಾನು ಅವತ್ತೇ ಅಂದ್ಕೊಂಡೆ ಕಣೋ" ಎಂದ ಬಾಸಿನವನು ನೆಲ ನೋಡುತ್ತ. ಆ ಮಧ್ಯಾಹ್ನ ಅವನಾಡಿದ್ದು ಅಷ್ಟೇ.

"ಏನೋ ಅದು?" ಅಣ್ಣನ ದನಿ. "ಪುಟ್ಟಾ, ಏನೋ ಮಾಡ್ದೆ?"

"ಏನೂ ಮಾಡ್ಲಿಲ್ಲ ಅಣ್ಣಾ."

ಅದು ನಿಜವಾಗಿತ್ತು. ಸ್ಟೂಲಿನ ಮೇಲೆ ಅತ್ತಿಗೆ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು. ಅಣ್ಣ ಚಾಚಿದ ಕಾಲುಗಳನ್ನು ಎಳೆದುಕೊಂಡು ನೆಟ್ಟಗೆ ಕೂತ. ಬಾಗಿಲಿಗೆ ದಾರಿ ತೆರವಾಯಿತು; ಬೆಳಿಗ್ಗೆಯಿಂದ ನೀರು ಕುಡಿಯದೆ ಕೂತವನಿಗೆ ಹೊರಗೆ ಹೋಗಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ.

"ಮತ್ತೆ ಹಾಕು" ಎಂದ ಅಣ್ಣ.

ಪುಟ್ಟ ಎಡಗೈಯನ್ನು ಮಾತ್ರ ಹೊರಗೆ ತೆಗೆದು, ಹಾಡನ್ನು ಒಂದು ನಿಮಿಷ ಹಿಂದಕ್ಕೆ ತಂದು ನಿಲ್ಲಿಸಿ, ಗುಂಡಿ ಒತ್ತಿ, ಕೈಯನ್ನು ಮತ್ತೆ ತೊಡೆಯ ಕೆಳಗೆ ಇಟ್ಟುಕೊಂಡ.