ನಾನು ಅಣ್ಣನಾದ ವಾರ

ಹೊಸಪೇಟೆಯ ನನ್ನ ಮನೆಯ ಮಹಡಿಯ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಕಥೆಯಾಟ ನಡೆಯುತ್ತದೆ. ನಾನು ಒಂದು ಸಂದರ್ಭ ಕಟ್ಟಿಕೊಡುತ್ತೇನೆ. ಬಂದವರು ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಆ ಪಾತ್ರವಾಗಿಯೇ ಮಾತಾಡಬೇಕು. ಮುಂದೇನು ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಂಪಿಯ ಪಕ್ಕದಲ್ಲಿ ಹುಟ್ಟಿದ ತಪ್ಪಿಗೆ ಹೊಸಬರೆಲ್ಲರಿಗೂ ದಂಡನಾಯಕನೇ ಆಗಬೇಕು. ಒಮ್ಮೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು, ತಮ್ಮ ದಂಡನಾಯಕ ಯಾವುದಕ್ಕೂ ಹೆದರುವವನಲ್ಲ ಎಂದರು. "ಹಂಗಾದ್ರ ಅವನ್ನ ಕಮಲಾಪುರದ ಮ್ಯೂಸಿಯಂನಾಗ ನಿಲ್ಲಿಸಿ ಬರ್ರಿ, ನಮ್ಮ ಆಟಕ್ಕ ಬ್ಯಾಡ" ಎಂದೆ. ಅವರು ಮುಂದಿನ ವಾರ ಬರಲಿಲ್ಲ.

ನಾನು ಹೀಗೆಯೇ, ಬಾಯಿ ಸ್ವಲ್ಪ ಜೋರು. ಆದರೆ ಪಾತ್ರ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆ ನನಗಿತ್ತು. ಮನುಷ್ಯನಿಗೆ ಏನು ಬೇಕು, ಯಾವುದಕ್ಕೆ ಹೆದರುತ್ತಾನೆ, ಊಟಕ್ಕೆ ಕೂತಾಗ ಹೇಗಿರುತ್ತಾನೆ, ಈ ಮೂರು ತಿಳಿದರೆ ಅವನು ಎದ್ದು ಬಂದು ಮಾತಾಡುತ್ತಾನೆ ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದೆ.

ನನ್ನ ಅಣ್ಣನ ಮಗಳು ನನ್ನ ಜೊತೆಯಲ್ಲೇ ಇದ್ದಾಳೆ. ಸಂಡೂರಿನ ಗುಡ್ಡದ ಒಂದು ಗಣಿಯಲ್ಲಿ ಸರ್ವೇಯರ್. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಬೂಟಿನ ತುಂಬ ಕೆಂಪು ಧೂಳು ಹೊತ್ತು ಬರುತ್ತಾಳೆ. ನನ್ನ ಬಾತ್‌ರೂಮಿನ ಬಿಳಿ ಟೈಲ್ಸ್ ಅವಳ ದೆಸೆಯಿಂದ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದೆ. ನಾನು ಬೈಯುತ್ತೇನೆ, ಅವಳು ನಗುತ್ತಾಳೆ.

ಕಳೆದ ಬೇಸಿಗೆಯ ಒಂದು ಸೋಮವಾರ ಅವಳು ನಗಲಿಲ್ಲ. ಕಂಪ್ಲಿಯಿಂದ ಅವಳ ಅಮ್ಮ ಫೋನ್ ಮಾಡಿದ್ದರಂತೆ. ಜಾತಕ ಕೂಡಿದೆ, ಹುಡುಗನ ಕಡೆಯವರು ಒಳ್ಳೆಯ ಮನೆತನದವರು, ಅಪ್ಪ ಒಪ್ಪಿಗೆ ಕೊಟ್ಟಾಗಿದೆ. ಹುಡುಗನ ಕಡೆಯವರದು ಒಂದೇ ಷರತ್ತು, ಮದುವೆಯಾದ ಮೇಲೆ ಗಣಿ ಕೆಲಸ ಬಿಡಬೇಕು. ಭಾನುವಾರ ನಿಶ್ಚಯದ ದಿನ ಗೊತ್ತುಮಾಡುತ್ತಾರೆ.

"ಹುಡುಗನ ಬಗ್ಗೆ ನನಗೇನೂ ಇಲ್ಲ ಅತ್ಯಾ. ಆದ್ರ ಕೆಲಸ ಬಿಡಂಗಿಲ್ಲ. ಅಪ್ಪನ ಮುಂದ ನಿಂತ್ರ ಬಾಯೇ ಬರೂದಿಲ್ಲ ನನಗ."

"ಬರಂಗ ಮಾಡೋಣ. ನಾನs ನಿಮ್ಮಪ್ಪ ಆಗ್ತೀನಿ. ದಿನಾ ಸಂಜೀಕೆ ನನ್ನ ಮುಂದ ಹೇಳು, ಭಾನುವಾರದ ಹೊತ್ತಿಗೆ ರೂಢಿ ಆಗ್ತದ" ಎಂದೆ.

ಮಂಗಳವಾರ, ಮೊದಲ ಸಂಜೆ, ನಾನು ಅಣ್ಣನ ಹಾಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕುರ್ಚಿಯಲ್ಲಿ ಕೂತೆ. ಅವಳು ಬಾಯಿ ತೆರೆದ ಕೂಡಲೇ ಗುಡುಗಿದೆ. ಮನೆತನ ಎಂದೆ, ಮಾನ ಎಂದೆ, ಮೇಜು ಗುದ್ದಿದೆ. ಅವಳು ಬಿದ್ದು ಬಿದ್ದು ನಕ್ಕಳು.

"ಅತ್ಯಾ, ಅಪ್ಪ ಯಾವತ್ತರೆ ಒದರಿದ್ದು ಕೇಳೀಯೇನು?"

ನನಗೆ ಮುಖಭಂಗವಾಯಿತು. ನಿಜ, ಅಣ್ಣ ದನಿ ಎತ್ತಿದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿಲ್ಲ. ಸೋಲು ನನಗೆ ಒಗ್ಗುವುದಿಲ್ಲ. ಮರುದಿನವೆಲ್ಲ ಅಡುಗೆಮನೆಯಲ್ಲಿ ಅಣ್ಣನನ್ನೇ ನೆನೆದೆ. ನಲವತ್ತು ವರ್ಷ ಕಾಲುವೆ ಇಲಾಖೆಯಲ್ಲಿದ್ದು, ಒಬ್ಬರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ನಿವೃತ್ತನಾದವನು. ಅವನಿಗೆ ಏನು ಬೇಕು? ಕೊಟ್ಟ ಮಾತು ಉಳಿಯಬೇಕು. ಯಾವುದಕ್ಕೆ ಹೆದರುತ್ತಾನೆ? ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದಕ್ಕೆ. ಮೂರನೆಯದನ್ನು ಯೋಚಿಸಲಿಲ್ಲ. ಎರಡೇ ಸಾಕು ಅನ್ನಿಸಿತು.

ಬುಧವಾರ ಸಂಜೆ ಟವೆಲ್ ಇಲ್ಲದೆ, ದನಿ ಎತ್ತದೆ ಕೂತೆ. ಅವಳು ಹೇಳತೊಡಗಿದಳು. ಎರಡು ಮಾತು ಮುಗಿಯುವಷ್ಟರಲ್ಲಿ ನಾನು ಕೈ ಎತ್ತಿ ತಡೆದೆ. ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಹೇಳಿದೆ: "ನಾ ಮಾತು ಕೊಟ್ಟೀನಿ ಮಗಳs. ಈಗ ನಾ ಹೆಂಗ ಅವರಿಗೆ ಮುಖಾ ತೋರಿಸ್ಲಿ, ನೀನs ಹೇಳು."

ಆ ದನಿ ನನ್ನೊಳಗೆ ಎಲ್ಲಿತ್ತೋ ಕಾಣೆ. ಸಾಕ್ಷಾತ್ ಅಣ್ಣನದೇ. ಅವಳ ಮುಖದ ಬಣ್ಣ ಇಳಿಯಿತು. "ಆತಪ್ಪಾ, ನೀವು ಹೇಳಿದಂಗs ಆಗ್ಲಿ" ಎಂದಳು.

ನಾನು ಚಪ್ಪಾಳೆ ತಟ್ಟಿದೆ. "ಭೇಷ್! ನೋಡಿದೇನು, ಪಾತ್ರ ಅಂದ್ರ ಹಿಂಗಿರಬೇಕು. ಈಗ ಮತ್ತೊಮ್ಮೆ ಮಾಡೋಣ, ಈ ಸರ್ತಿ ನೀ ಬಗ್ಗಬಾರ್ದು."

ಅವಳು ಏಳಲಿಲ್ಲ. "ಆಟ ಸಾಕು ಅತ್ಯಾ. ಅಪ್ಪ ಖರೇನೇ ಹಂಗ ಅಂತಾರ. ಹಂಗಂದ್ರ ನಾ ಏನ್ ಹೇಳ್ಲಿ? ಕೆಲಸ ಬಿಡ್ತೀನಿ ಬಿಡು."

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗಿತ್ತು. ಗುರುವಾರ ನಾನೇ ಬಾ ಎಂದೆ, ಬರಲಿಲ್ಲ. ಶುಕ್ರವಾರ ನಾಟಕ ಬಿಟ್ಟು ನೇರವಾಗಿ ಹೇಳಿದೆ, ಅದು ನಾನು ಕಟ್ಟಿದ ಅಪ್ಪ, ನಿಜವಾದವನಲ್ಲ ಎಂದು. "ನಿಜ ಇದ್ದದ್ದಕ್ಕs ನನಗ ಅಳು ಬಂತು" ಎಂದಳು. ಶನಿವಾರ ಬೂಟು ಒರೆಸಿ, ಪೇಪರಿನಲ್ಲಿ ಸುತ್ತಿ, ಮಂಚದ ಕೆಳಗೆ ತಳ್ಳಿದಳು. ನನಗೆ ನನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಹಡಿಯ ಆಟ ಈ ವಾರ ಇಲ್ಲ ಎಂದು ಎಲ್ಲರಿಗೂ ತಿಳಿಸಿ, ಭಾನುವಾರ ಅವಳ ಜೊತೆ ಕಂಪ್ಲಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಾಳೆ ತೋಟ, ಗದ್ದೆ, ಕಾಲುವೆ. ಅವಳು ಕಿಟಕಿಯಿಂದ ಕಾಲುವೆಯನ್ನೇ ನೋಡುತ್ತಿದ್ದಳು.

ನಾವು ಮುಟ್ಟಿದಾಗ ಅಣ್ಣ ಪೂಜೆಯಲ್ಲಿದ್ದ. ಅವಳು ಕೈಚೆಲ್ಲಿದ್ದರೂ ಸೋಮವಾರ ಇಬ್ಬರೂ ಹಾಕಿದ್ದ ಲೆಕ್ಕಾಚಾರವನ್ನು ನಾನು ಬಿಟ್ಟಿರಲಿಲ್ಲ: ಊಟವಾಗಿ, ಅಡಿಕೆ ಬಾಯಿಗೆ ಹಾಕಿಕೊಂಡು ಅಣ್ಣ ಕುರ್ಚಿಯಲ್ಲಿ ಕೂತಾಗ ಮಾತು ತೆಗೆಯಬೇಕು. ಅಣ್ಣನ ಹೆಂಡತಿ, ನಮ್ಮ ವೈನಿ, ಎಲೆ ಹಾಕುತ್ತ ಹೇಳಿದರು: "ಊಟ ಆಗೂದ್ರಾಗ ಹುಡುಗನ ಕಡ್ಯಾವರ ಫೋನ್ ಬರ್ತದ. ದಿನ ಗಟ್ಟಿ ಮಾಡಿಬಿಡ್ತಾರಂತ ಇವರು."

ಅಂದರೆ ಅಡಿಕೆಯ ಹೊತ್ತು ನಮಗಿರಲಿಲ್ಲ. ನಾನು ಹುಡುಗಿಯ ಮುಖ ನೋಡಿದೆ. ಅವಳು ಸಾರಿನ ಪಾತ್ರೆ ಎತ್ತಿಕೊಂಡಳು.

ಅಣ್ಣ ಬಂದು ಎಲೆಯ ಮುಂದೆ ಕೂತ. ಎಲೆಯ ಸುತ್ತ ನೀರು ಬಿಟ್ಟ, ಆಪೋಶನ ತೆಗೆದುಕೊಂಡ. ಆಗ ನನಗೆ ನೆನಪಾಯಿತು! ನಮ್ಮ ಅಪ್ಪನ ಹಾಗೆ ಅಣ್ಣನೂ ಉಣ್ಣುವಾಗ ಮೌನ. ಆಪೋಶನ ತೆಗೆದುಕೊಂಡ ಮೇಲೆ ಕೈ ತೊಳೆಯುವವರೆಗೆ ಒಂದು ಮಾತು ಆಡುವವನಲ್ಲ. ಬೇಕಾದ್ದನ್ನು ಕೈಸನ್ನೆಯಲ್ಲೇ ಕೇಳುತ್ತಾನೆ. ಊಟಕ್ಕೆ ಕೂತಾಗ ಹೇಗಿರುತ್ತಾನೆ ಎಂದು ಊರಿಗೆಲ್ಲ ಪಾಠ ಹೇಳುವವಳು ಇದನ್ನೇ ಮರೆತಿದ್ದೆ.

ಹುಡುಗಿ ಸಾರು ಬಡಿಸಿದಳು. "ಅಪ್ಪಾ, ಒಂದ್ ಮಾತು ಹೇಳೋದದ" ಎಂದಳು.

ವೈನಿ ಅಡುಗೆಮನೆಯಿಂದ ಇಣುಕಿ, "ಉಣ್ಣೋ ಮುಂದ ಏನ ಅದು, ಆಮ್ಯಾಲೆ ಹೇಳು" ಎಂದರು. ಅಣ್ಣ ತಲೆ ಎತ್ತಲಿಲ್ಲ. ಅನ್ನ ಕಲೆಸುತ್ತಿದ್ದ. ನಾನು ಕಂಬಕ್ಕೆ ಒರಗಿ ಕೂತಿದ್ದೆ.

"ನಾ ಕೆಲಸ ಬಿಡೂದಿಲ್ಲಪ್ಪಾ" ಎಂದಳು, ಬಿಡ್ತೀನಿ ಎಂದು ಬೂಟು ಸುತ್ತಿಟ್ಟಿದ್ದವಳು.

ನಾನು ಅಭ್ಯಾಸ ಮಾಡಿಸಿದ್ದು ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿ ನಾನು ಕೈ ಎತ್ತಿ ತಡೆದಿದ್ದೆ. ಇಲ್ಲಿ ಯಾರೂ ತಡೆಯಲಿಲ್ಲ. ಅಣ್ಣ ಒಂದು ತುತ್ತು ಉಂಡ. ಅವಳು ಉತ್ತರಕ್ಕೆ ಕಾದಳು, ಬರಲಿಲ್ಲ. ಬರುವುದೂ ಇಲ್ಲ ಎಂದು ಅವಳಿಗೂ ಹೊಳೆಯಿತೇನೋ. ಪಾತ್ರೆಯನ್ನು ಕೆಳಗಿಟ್ಟಳು.

"ಸಣ್ಣಾಕಿದ್ದಾಗ ನನ್ನ ಸೈಕಲ್ ಮುಂದ ಕೂಡಿಸ್ಕೊಂಡು ಕಾಲುವಿ ಅಳೀಲಿಕ್ಕೆ ಹೋಗ್ತಿದ್ರಿ. ಟೇಪಿನ ಒಂದ್ ತುದಿ ನನ್ನ ಕೈಯಾಗ ಕೊಡ್ತಿದ್ರಿ. ಬಿಡಬ್ಯಾಡ ಅಂತಿದ್ರಿ. ನಾ ಗಟ್ಟಿ ಹಿಡ್ಕೊಂಡು ನಿಂದರ್ತಿದ್ದೆ. ಈಗ ಗುಡ್ಡದ ಮ್ಯಾಲೆ ದಿನಾ ಅದನ್ನs ಮಾಡ್ತೀನಪ್ಪಾ. ಅದನ್ನ ಬಿಡು ಅಂದ್ರ ಹೆಂಗ ಬಿಡ್ಲಿ?"

ಈ ಟೇಪಿನ ಕಥೆ ನನಗೆ ಗೊತ್ತೇ ಇರಲಿಲ್ಲ. ಅಣ್ಣನ ಕೈ ಎಲೆಯ ಮೇಲೆ ನಿಂತಿತು. ನಂತರ ಮಜ್ಜಿಗೆಗೆ ಸನ್ನೆ ಮಾಡಿದ. ಅವಳು ಮಜ್ಜಿಗೆ ಬಡಿಸುತ್ತಲೇ ಹೇಳಿದಳು: "ಅತ್ಯಾನ ಮುಂದ ಇದೆಲ್ಲಾ ಹೇಳಿ ನೋಡೋಣ ಅಂತ ಹೋದೆ. ಅತ್ಯಾ ನೀವಾಗಿ ಕೂತಿದ್ಲು. ಅಲ್ಲೆ ನೀವು ಒಪ್ಪಲಿಲ್ಲ. ನನಗ ಹೇಳ್ಲಿಕ್ಕೂ ಬಿಡಲಿಲ್ಲ."

ಅಯ್ಯೋ, ನನ್ನ ಹೆಸರು ಯಾಕೆ ತೆಗೆದಳು ಎಂದು ಕಂಬದೊಳಗೆ ಸೇರಿಹೋಗಬೇಕೆನ್ನಿಸಿತು. ಅಣ್ಣ ಅವಸರವಿಲ್ಲದೆ ಕೊನೆಯ ಅಗುಳಿನವರೆಗೆ ಉಂಡ. ಒಳಗಿನ ಕೋಣೆಯಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ವೈನಿ ಓಡಿ ತಂದು ಕೈಯಲ್ಲಿ ಹಿಡಿದು ನಿಂತರು, ಎತ್ತಲಿಲ್ಲ. ಅದು ಹೊಡೆದುಕೊಂಡು ಸುಮ್ಮನಾಯಿತು. ಅಣ್ಣ ಎದ್ದು ಹಿತ್ತಲಿಗೆ ಹೋಗಿ ಕೈ ತೊಳೆದ, ಬಾಯಿ ಮುಕ್ಕಳಿಸಿದ. ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಬಂದು ನನ್ನ ಮುಂದೆ ನಿಂತ. ಮಗಳ ಮುಂದಲ್ಲ, ನನ್ನ ಮುಂದೆ.

"ನಾ ಒಪ್ಪಲಿಲ್ಲೇನು?" ಎಂದ.

ನಾನು ತಲೆ ತಗ್ಗಿಸಿದೆ. ನನ್ನ ಬಾಯಿ ಕಟ್ಟಿದ್ದನ್ನು ಊರವರು ನೋಡಿದ್ದರೆ ಹಬ್ಬ ಮಾಡುತ್ತಿದ್ದರು.

"ಕೂಡಿ ಬೆಳದೀವಿ. ನನ್ನ ಇಷ್ಟs ತಿಳ್ಕೊಂಡೀ ನೀ" ಎಂದ. ದನಿ ಎತ್ತಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಫೋನ್ ಮತ್ತೆ ಹೊಡೆದುಕೊಂಡಿತು. ಅಣ್ಣ ವೈನಿಯ ಕೈಯಿಂದ ತೆಗೆದುಕೊಂಡ. "ನಮಸ್ಕಾರ್ರಿ... ಹೌದ್ರಿ, ಈಗ ಊಟ ಆತು... ದಿನದ ಮಾತು ಆಮ್ಯಾಲಿರ್ಲಿ. ಮೊದ್ಲು ಒಂದು ಹೇಳೋದದ. ನಾ ನಿಮಗ ಕೊಟ್ಟ ಮಾತು ಹಿಂದ ತೊಗೊಳ್ಳಿಕ್ಕೆ ಹತ್ತೀನಿ, ತಪ್ಪು ತಿಳೀಬ್ಯಾಡ್ರಿ. ಹುಡುಗಿ ಕೆಲಸ ಬಿಡೂದಿಲ್ಲ." ಆ ಕಡೆಯವರು ಏನೋ ಕೇಳಿದರು. ಅಣ್ಣನ ಕಿವಿ ಕೆಂಪಾದದ್ದು ನನಗೆ ಕಂಡಿತು. ನಾಲ್ಕು ಜನರ ಮುಂದೆ ತಲೆ ತಗ್ಗಿಸುವ ಹೆದರಿಕೆ ಎಂದು ನಾನು ಊಹಿಸಿದ್ದು ಸುಳ್ಳಾಗಿರಲಿಲ್ಲ. ಅದು ಅಲ್ಲೇ ಇತ್ತು, ಅವನ ಮುಖದ ಮೇಲೆಯೇ.

ಮಗಳು ಖಾಲಿ ಎಲೆಯ ಪಕ್ಕ ಕುಸಿದು ಕೂತಿದ್ದಳು. ಅಣ್ಣ ಅವಳ ಕಡೆ ನೋಡುತ್ತಲೇ ಫೋನಿಗೆ ಉತ್ತರ ಕೊಟ್ಟ:

"ಇಲ್ರಿ, ಅಕಿ ಅಂದದ್ದಲ್ಲ. ನಾನs ಬಿಡಬ್ಯಾಡ ಅಂದೀನಿ."