ಚಂದಾಪುರದ ಗಿರಣಿಯಲ್ಲಿ ಆಟೊಗಳಿಗೂ ಪಾಳಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಂದಾಪುರದ ಹಿಟ್ಟಿನ ಗಿರಣಿಯ ಗೋಡೆಗೆ ಮೂರು ಕರೆಂಟ್ ಆಟೊಗಳು ಬೆನ್ನು ಹಚ್ಚಿ ನಿಂತಿವೆ. ಜೋಳದ ಡಬ್ಬಿ ತಂದ ಹೆಂಗಸರು ಕಟ್ಟೆಯ ಮೇಲಿದ್ದಾರೆ. ಬಿಸಿಲೇರುವ ಮೊದಲೇ ಕೆಲಸ ಮುಗಿಸುತ್ತೇನೆಂದ ಲೈನ್‌ಮನ್ ಆನಂದಕುಮಾರ ಆಗಲೇ ಕಂಬ ಹತ್ತಿದ್ದಾರೆ. ಗಿರಣಿಯ ಒಡತಿ ಲಾಲಮ್ಮನಿಗೆ ಮಾತ್ರ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಗೋಡೆಯ ಮೇಲಿನ ಹೊಸ ಮೀಟರಿಗೆ ಇಂದು ಜೀವ ಬರಬೇಕು.

ದೇಶದ ತುಂಬ ಈಗ ಕರೆಂಟ್ ಗಾಡಿಗಳದೇ ಮಾತು. ಸರ್ಕಾರ ಸಬ್ಸಿಡಿ ಕೊಟ್ಟಿತು, ಕಂಪನಿಗಳು ಬಣ್ಣಬಣ್ಣದ ಜಾಹೀರಾತು ಕೊಟ್ಟವು, ಪಕ್ಕದ ಚಿಂಚೋಳಿಯ ಬೀರೇಶನಂಥವರು ಡೀಸೆಲ್ ಆಟೊ ಮಾರಿ ಹೊಸದನ್ನು ತಂದರು. ಚಾರ್ಜಿಂಗ್ ಕೇಂದ್ರಗಳು ಮಾತ್ರ ದೊಡ್ಡ ಊರು, ಹೆದ್ದಾರಿ ಬಿಟ್ಟು ಇತ್ತ ಕಾಲಿಡಲಿಲ್ಲ. ಗಾಡಿ ಬಂತು, ಅದರ ಮೇವು ಬರಲಿಲ್ಲ. ಬಾಡಿಗೆ ಮನೆಯ ಹಳೇ ವೈರು ಬಿಸಿಯಾಗಿ, ಮಾಲೀಕ ಗದರಿಸಿದ ಮೇಲೆ ಬೀರೇಶ ಆಟೊ ತಳ್ಳಿಕೊಂಡು ಬಂದದ್ದು ಈ ಗಿರಣಿಗೆ.

‘ಅಕ್ಕಾ, ನಿಂದು ಗಿರಣಿ ಲೈನ್ ಗಟ್ಟಿ ಅದ. ಒಂದೀಟು ಹಚ್ಚಿಕೊಡು ಅಂದ. ಹ್ಞೂಂ ಅಂದೆ. ಮರುದಿನ ಇನ್ನಿಬ್ಬರನ್ನ ಕರ್ಕೊಂಡು ಬಂದ!’ ಎಂದು ಲಾಲಮ್ಮ ನಗುತ್ತಾರೆ.

ಲೈನ್ ಅಷ್ಟೇನೂ ಗಟ್ಟಿ ಇರಲಿಲ್ಲ. ‘ಗಾಡಿ ಹಚ್ಚಿದ್ರ ಕಲ್ಲು ತಿರುಗಂಗಿಲ್ಲ, ಕಲ್ಲು ತಿರುಗಿದ್ರ ಗಾಡಿ ತುಂಬಂಗಿಲ್ಲ. ಯಾರಿಗೆ ತಡೀರಿ ಅನ್ಲಿ? ಇವರಿಗೂ ರೊಟ್ಟಿ, ಅವರಿಗೂ ರೊಟ್ಟಿ’ ಎನ್ನುತ್ತಾರೆ. ಕೊನೆಗೆ ಆಟೊದವರು, ಜೋಳದವರು ಇಬ್ಬರಿಗೂ ಪಾಳಿ ಹಚ್ಚಿದರು. ಇಬ್ಬರಿಂದಲೂ ಬೈಸಿಕೊಂಡರು.

ಎಡವಟ್ಟಾದದ್ದು ಒಂದು ಅಮಾವಾಸ್ಯೆಯ ಬೆಳಿಗ್ಗೆ. ಗಾಡಿಗೆ ಕಾಯಿ ಒಡೆಯುವುದು ಇಲ್ಲಿಯ ಡ್ರೈವರುಗಳ ಪದ್ಧತಿ. ಭಕ್ತಿ ಉಕ್ಕಿದ ಬೀರೇಶ ಕಾಯಿಯ ನೀರನ್ನು ಆಟೊದ ಮೈತುಂಬ ಚಿಮುಕಿಸಿ, ಚಾರ್ಜಿಂಗ್ ತೂತನ್ನೂ ಬಿಡದೆ, ಹಾಗೆಯೇ ಪ್ಲಗ್ ಹಚ್ಚಿದ. ಢಂ ಎಂದಿತು. ಗಿರಣಿ ಕತ್ತಲಾಯಿತು. ಯಾರದೋ ಮದುವೆ ಮನೆಯ ಜೋಳ ಅರ್ಧ ಬೀಸಿ ಉಳಿಯಿತು. ನೋಡಲು ಬಂದ ವಿದ್ಯುತ್ ಕಚೇರಿಯವರು, ಗಿರಣಿ ಲೈನಿನಲ್ಲಿ ಗಾಡಿ ಹಚ್ಚುವಂತಿಲ್ಲ, ಬೇರೆ ಮೀಟರ್ ಬೇಕು ಎಂದು ಹೇಳಿ ಹೋದರು.

ಆಟೊಗಳು ನಿಂತವು. ಒಬ್ಬ ಡ್ರೈವರ್ ಆಗಲೇ ಗಾಡಿ ಮಾರಲು ಗಿರಾಕಿ ಹುಡುಕುತ್ತಿದ್ದ. ಮುಖ ತೋರಿಸಲಾಗದೆ ಬೀರೇಶ ಗಿರಣಿಯ ಓಣಿಯನ್ನೇ ತಪ್ಪಿಸಿ ಓಡಾಡತೊಡಗಿದ. ಲಾಲಮ್ಮನೇ ಅವನನ್ನು ಕರೆಸಿದರು. ‘ಕಾಯಿ ಆ ಬೇವಿನ ಗಿಡದ ಕೆಳಗ ಒಡಿ, ಗಾಡಿ ಒರಸಿ ಈ ಕಡಿ ತಾ’ ಎಂದಷ್ಟೇ ಹೇಳಿ, ತಾವು ಹೊಸ ಮೀಟರಿಗಾಗಿ ಕಚೇರಿಯ ಮೆಟ್ಟಿಲು ಹತ್ತಿದರು. ‘ನಾಳೆ ಬರ್ರಿ’ ಎಂದಾಗಲೆಲ್ಲ ನಾಳೆ ಹೋದರು. ಜೊತೆಗೆ ಜೋಳದ ಡಬ್ಬಿಯ ಹೆಂಗಸರೂ ಹೋದರು. ‘ನಾ ದಿನಾ ಅಂಗನವಾಡಿಗಿ ಹೋಗೋದು ಅದೇ ಆಟೊದಾಗ್ರಿ. ಬೈತಿದ್ದೆ ಖರೆ, ಅದು ನಿಂತ್ರ ನಾನೂ ನಿಂತೆ’ ಎನ್ನುತ್ತಾರೆ ಅವರಲ್ಲೊಬ್ಬರಾದ ವಿಮಲಾಬಾಯಿ.

ಅಂತೂ ಮೀಟರ್ ಮಂಜೂರಾಯಿತು. ಈಗ ಕಂಬದಿಂದ ದಪ್ಪ ತಂತಿ ಇಳಿಯುತ್ತದೆ. ‘ಹಾಕ್ರಿ ಅಕ್ಕೋರ’ ಎಂದು ಆನಂದಕುಮಾರ ಮೇಲಿಂದ ಕೂಗುತ್ತಾರೆ. ಲಾಲಮ್ಮ ಮೊದಲು ಮೂರೂ ಆಟೊಗಳ ಸ್ವಿಚ್ ಒತ್ತುತ್ತಾರೆ. ಆಮೇಲೆ, ಬಲ್ಬಿನ ಮೇಲೆ ಕಣ್ಣಿಟ್ಟು, ಗಿರಣಿಯದು. ಬಲ್ಬು ಕುಂದುವುದಿಲ್ಲ. ಕಲ್ಲು ಗರಗರ ತಿರುಗುತ್ತದೆ, ಆಟೊಗಳ ಹಸಿರು ದೀಪ ಆರದೆ ಉರಿಯುತ್ತದೆ. ಬೀರೇಶ ಕಣ್ಣೊರೆಸಿಕೊಂಡು, ಹಿಟ್ಟಿನ ಧೂಳು ಬಿತ್ತೆಂದು ನೆಪ ಹೇಳುತ್ತಾನೆ.

ವಿಮಲಾಬಾಯಿಯ ಡಬ್ಬಿಗೆ ಬಿಸಿ ಹಿಟ್ಟು ತುಂಬುತ್ತಾ ಲಾಲಮ್ಮ ಯಾರಿಗೆಂದಲ್ಲದೆ ಹೇಳುತ್ತಾರೆ: ‘ಇವತ್ತ ಯಾರಿಗೂ ತಡೀರಿ ಅನ್ನಲಿಲ್ಲ ನೋಡ್ರಿ.’