ನಾನು ಬರೆದುಕೊಡದ ದೂರು

ಹೊಳಲ್ಕೆರೆಯಲ್ಲಿ ಐಟಿಐ ಮುಗಿಸಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯೊಂದಕ್ಕೆ ಸೇರಿದೆ. ಅಲ್ಲಿನ ಟೆಕ್ನಿಷಿಯನ್‌ಗಳಲ್ಲಿ ಹೆಂಗಸು ನಾನೊಬ್ಬಳೇ. ಹೆಲ್ಮೆಟ್ ಹಾಕಿಸಿ ಫೋಟೊ ತೆಗೆದು ಕಂಪನಿಯ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿದರು. ಗಾಳಿಯಂತ್ರದ ಟವರ್ ಹತ್ತಲು ಮಾತ್ರ ಬಿಡಲಿಲ್ಲ. ಕೆಳಗಿನ ಕೋಣೆಯಲ್ಲಿ ಕೂತು ಮೀಟರ್ ನೋಡಿ, ಮೇಲೆ ಹತ್ತಿದವರಿಗೆ ಫೋನಿನಲ್ಲಿ ಹೇಳುವುದಷ್ಟೇ ನನ್ನ ಕೆಲಸ. ಕೇಳಿದಾಗಲೆಲ್ಲ ಮ್ಯಾನೇಜರು, "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು" ಎನ್ನುತ್ತಿದ್ದರು.

ಒಮ್ಮೆ ಮುಖ್ಯ ಕಚೇರಿಯಿಂದ ಮೇಡಂ ಒಬ್ಬರು ಬಂದು ನಮಗೆಲ್ಲ ತರಬೇತಿ ನಡೆಸಿದರು. ಕೆಲಸದ ಜಾಗದಲ್ಲಿ ಎಲ್ಲ ಥರದ ಜನ ಇರಬೇಕು, ಹೆಣ್ಣುಮಕ್ಕಳು ಇನ್ನೂ ಹೆಚ್ಚು ಬರಬೇಕು ಎಂದು ಚೆನ್ನಾಗಿಯೇ ವಿವರಿಸಿದರು. ಕೊನೆಗೆ, "ನಿಮ್ಮ ಅಭಿಪ್ರಾಯ ಏನೇ ಇರಲಿ, ಮನಸ್ಸು ಬಿಚ್ಚಿ ಹೇಳಿ" ಎಂದರು.

ಹೊಸದುರ್ಗದ ಕಡೆಯ ಹಿರಿಯ ಟೆಕ್ನಿಷಿಯನ್ ಒಬ್ಬರು ಎದ್ದು ನಿಂತರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ.

"ನಂಗ್ಯಾಕೋ ಇದು ಸರಿ ಕಾಣಲ್ರಿ ಮೇಡಂ. ಇದು ಹೆಣ್ಮಕ್ಳ ಕೆಲ್ಸ ಅಲ್ಲ. ಐಟಿಐ ಮಾಡಿರೋ ಹುಡುಗ್ರು ಊರಾಗೆ ಬೇಕಾದಷ್ಟು ಅವ್ರೆ, ಅವ್ರಿಗೆ ಕೊಡ್ರಿ."

ಮೇಡಂ ಮುಖ ಬಿಗಿಯಾಯಿತು. "ಇಂಥ ಮಾತಿಗೆ ಈ ಕಂಪನೀಲಿ ಜಾಗ ಇಲ್ಲ. ಕೂತ್ಕೊಳ್ಳಿ."

ಚಹಾದ ಹೊತ್ತಿಗೆ ನನ್ನನ್ನು ಪಕ್ಕದ ಕೋಣೆಗೆ ಕರೆದರು. ಮ್ಯಾನೇಜರೂ ಇದ್ದರು. "ಅವರ ಮಾತಿಂದ ಅವಮಾನ ಆಗಿದೆ ಅಂತ ಒಂದು ದೂರು ಬರೆದುಕೊಡಿ. ಮುಂದಿನದು ನಾವು ನೋಡ್ಕೋತೀವಿ" ಎಂದರು ಮೇಡಂ.

ಅಣ್ಣನ ಮಾತು ನನಗೆ ಚುಚ್ಚಿದ್ದು ನಿಜ. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಮೇಡಂ ಅವರ ಈ ಮಾತಿಗೆ.

"ಬರ್ಕೊಡಲ್ರಿ. ಅಣ್ಣ ಅಂದಿದ್ದು ತಪ್ಪು, ಅದನ್ನ ನಾನೇ ಅವ್ರ ಮುಂದೆ ಅಂತೀನಿ. ಆದ್ರೆ ನೀವು ಕೇಳಿದ್ರಿ, ಅವ್ರು ಹೇಳಿದ್ರು. ಹೆಣ್ಮಕ್ಳ ಕೆಲ್ಸ ಅಲ್ಲ ಅಂತ ಅವ್ರು ಬಾಯಾಗೆ ಅಂದ್ರು, ನೀವು ನನ್ನ ಕೆಳಗೆ ಕುಂದ್ರಿಸಿ ಅದನ್ನೇ ಮಾಡ್ತಿದೀರಿ. ದೂರು ಬೇಕೇ ಬೇಕಂದ್ರೆ ಅದ್ರ ಮೇಲೆ ಬರೀತೀನಿ."

"ನಿಮ್ಮ ಪರವಾಗಿ ನಿಂತಿರೋದಮ್ಮ ನಾವು" ಎಂದರು ಮ್ಯಾನೇಜರು.

"ಪರ ಬ್ಯಾಡ ಸಾರ್. ಟವರ್ ಹತ್ತಾಕೆ ಬೆಲ್ಟ್ ಕೊಡ್ರಿ."

ಹೊರಗೆ ನಲ್ಲಿಯ ಹತ್ತಿರ ಅಣ್ಣ ಲೋಟ ತೊಳೆಯುತ್ತಿದ್ದರು. ಒಳಗೆ ನಡೆದದ್ದನ್ನು ಹೇಳಿ, "ನೀವು ಅಂದಿದ್ದು ನಂಗೆ ಒಂಚೂರೂ ಹಿಡಿಸ್ಲಿಲ್ಲ ಅಣ್ಣ" ಎಂದೆ.

"ಹಿಡಿಸ್ಲಿ ಅಂತ ಅಂದಿಲ್ಲವ್ವ" ಎಂದು ಲೋಟ ಬೋರಲು ಹಾಕಿದರು.

ದೂರಿಲ್ಲದೆ ಅವರನ್ನು ಕೆಲಸದಿಂದ ತೆಗೆಯಲಾಗಲಿಲ್ಲ. ಹಿರಿಯೂರಿನ ಕಡೆಯ ಸೈಟಿಗೆ ಹಾಕಿದರು. ಇತ್ತ ಮ್ಯಾನೇಜರು ನನ್ನೊಡನೆ ಮಾತು ಬಿಟ್ಟರು, ನಾನು ಬೆಲ್ಟ್ ಕೇಳುವುದನ್ನು ಬಿಡಲಿಲ್ಲ. ಮುಖ್ಯ ಕಚೇರಿಯವರು ಯಾರೇ ಬರಲಿ, ಎಲ್ಲರೆದುರಿಗೇ ಕೇಳುತ್ತಿದ್ದೆ. ಆ ವರ್ಷದ ಮಳೆಗಾಲ ಕಳೆದ ಮೇಲೆ ಬೆಲ್ಟ್ ಕೊಟ್ಟರು. ಮೊದಲ ಸಲ ಹತ್ತುವಾಗ ಅರ್ಧದಲ್ಲಿ ನಿಂತು ಸುಧಾರಿಸಿಕೊಂಡೆ. ಮೇಲೆ ಹೋಗಿ ಕೆಟ್ಟಿದ್ದ ಕೇಬಲ್ ಬದಲಿಸಿಯೇ ಇಳಿದೆ.

ಮರುದಿನ ಹಿರಿಯೂರಿನಿಂದ ಅಣ್ಣನ ಫೋನು.

"ಹತ್ತಿದ್ಯಂತೆ?"

"ಹೂಂ ಅಣ್ಣ."

"ಆದ್ರೂ ನನ್ನ ಮಾತು ಅದೇ ಐತೆ."

"ಇರ್ಲಿ ಬಿಡ್ರಿ. ನಾಳೆ ಇನ್ನೊಂದು ಹತ್ತೋದೈತೆ" ಎಂದೆ.